ಡ್ರಮ್ಮಿನ ಗಾಡಿ

ನೋಡೋಣರಾಯರ ಮನೆಗೆ ಆ ಗಾಡಿ ಬಂದದ್ದೇ ತಪ್ಪು. ಗಾಡಿ ಎಂದರೆ ದೊಡ್ಡದೇನಲ್ಲ. ನಾಲ್ಕು ಕಬ್ಬಿಣದ ಪಟ್ಟಿಗಳನ್ನು ಚೌಕವಾಗಿ ಬೆಸೆದು, ಮೂಲೆಗೊಂದು ಚಕ್ರ ಹಾಕಿದ ಸ್ಟ್ಯಾಂಡು. ಇದರ ಮೇಲೆ ನೀರಿನ ಡ್ರಮ್ ಇಟ್ಟರೆ ಒಂದೇ ಬೆರಳಿನಲ್ಲಿ ಮನೆಯೆಲ್ಲ ಓಡಾಡಿಸಬಹುದು ಎಂದು ಪಾತ್ರೆ ಅಂಗಡಿಯವನು ಹೇಳಿದ್ದ. ಅವನ ಬೆರಳು ಎಂಥದೋ, ದೇವರಿಗೇ ಗೊತ್ತು.

ರಾಯರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾರು ಏನು ಕೇಳಿದರೂ "ನೋಡೋಣ" ಎನ್ನುವುದು ಅವರ ಅಭ್ಯಾಸವಾದ್ದರಿಂದ ಆ ಸಾಲುಮನೆಯ ಎಂಟೂ ಬಾಗಿಲುಗಳಲ್ಲಿ ಅವರು ನೋಡೋಣರಾಯರೇ. ವಿಮಾ ಕಚೇರಿಯ ಕಡತ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಈ ಒಂದೇ ಮಾತಿನಲ್ಲಿ ಕಾಲ ತಳ್ಳಿದವರು. ಅವರ ಲೆಕ್ಕದಲ್ಲಿ ನೋಡೋಣ ಎಂದರೆ ಬೇಡ ಎಂದೇ ಅರ್ಥ. ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಅವರಿಗೆ ಹುಟ್ಟಿದಾಗಿನಿಂದಲೂ ಇರಲಿಲ್ಲ.

ಇನ್ನು ಆ ಡ್ರಮ್ಮಿನ ವಿಷಯ. ಇನ್ನೂರು ಲೀಟರಿನ ನೀಲಿ ಡ್ರಮ್ಮು. ನಲ್ಲಿಯ ಪೈಪು ಎಟುಕುವುದು ಬಚ್ಚಲಿನ ದಾರಿಯವರೆಗೆ ಮಾತ್ರ, ಆದ್ದರಿಂದ ಅದು ಅಲ್ಲೇ ನಿಂತು ತುಂಬಬೇಕು. ತುಂಬಿದ ಮೇಲೆ ಅದನ್ನು ಸರಿಸುವ ಗಂಡಸು ಆ ಮನೆಯಲ್ಲಿರಲಿಲ್ಲ. ಹೀಗಾಗಿ ಮೂರು ವರ್ಷದಿಂದ ಮನೆಯವರೆಲ್ಲ ಗೋಡೆಗೆ ಬೆನ್ನು ಉಜ್ಜಿಕೊಂಡು ಅಡ್ಡಡ್ಡವಾಗಿ ಬಚ್ಚಲಿಗೆ ಹೋಗುತ್ತಿದ್ದರು. ನೀರು ಅರ್ಧ ಇಳಿದಾಗಲೆಲ್ಲ ಅದನ್ನು ಎಳೆದಾಡಿ ನೆಲ ಗುಡಿಸಿ ಹೆಂಡತಿ ಸೊಂಟ ಕೆಡಿಸಿಕೊಂಡಿದ್ದಳು.

ನಾಲ್ಕು ದಿನದ ಹಿಂದೆ ತಾಯಿಯನ್ನು ಕರೆತರಲು ಹೊರಟಾಗ ಅವಳು ಬಾಗಿಲಲ್ಲಿ ನಿಂತು ಹೇಳಿದ್ದಳು: "ರೀ, ಅಮ್ಮನ ಮಂಡಿ ಪೂರ್ತಿ ಕೆಟ್ಟಿದೆ. ಅಡ್ಡಡ್ಡ ನಡೆಯೋಕೆ ಅವರಿಗಾಗಲ್ಲ. ಗುರುವಾರ ಸಂಜೆ ಐದಕ್ಕೆ ಬರ್ತೀವಿ. ಅಷ್ಟರಲ್ಲಿ ಆ ಡ್ರಮ್ಮು ಚಕ್ರದ ಮೇಲಿರ್ಬೇಕು. ಇಲ್ಲಾಂದ್ರೆ ಬಂದ ಕಾರಲ್ಲೇ ಅಮ್ಮನ ಜೊತೆ ವಾಪಸ್ ಹೋಗ್ತೀನಿ. ನೋಡೋಣ ಅಂದೀರಾ ಜೋಕೆ!"

ರಾಯರು ಅನ್ನಲಿಲ್ಲ. ಅವಳ ಸೊಂಟ ನೋಡಿ ಅವರಿಗೂ ಪಾಪ ಅನ್ನಿಸುತ್ತಿತ್ತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಅವಳು ತಮ್ಮ ಕೆಲಸ ನೋಡಿ "ಪರವಾಗಿಲ್ವೇ!" ಎಂದು ಹುಬ್ಬೇರಿಸಬೇಕೆಂಬುದು ಅವರ ಆಸೆ. ಗಾಡಿ ತಂದರು. ಗುರುವಾರ ರಜೆಯನ್ನೂ ಹಾಕಿದರು.

ಆದರೆ ಗುರುವಾರ ಬೆಳಿಗ್ಗೆ ಆರಕ್ಕೆ ನಲ್ಲಿ ಸುಸ್ಸೆಂದಿತು. ನೀರು ಬರುವುದು ದಿನ ಬಿಟ್ಟು ದಿನ, ಅದೂ ಅರ್ಧ ಗಂಟೆ. ಆ ಸದ್ದು ಕೇಳಿದರೆ ಸಾಕು, ನಿದ್ದೆಗಣ್ಣಿನಲ್ಲೂ ರಾಯರ ಕೈ ಪೈಪು ಹುಡುಕುತ್ತದೆ. ಡ್ರಮ್ಮು ಕಂಠಪೂರ್ತಿ ತುಂಬಿತು. ಮುಚ್ಚಳ ಹಾಕಿ, ಕೈ ಒರೆಸಿಕೊಂಡು ತಿರುಗಿದರೆ ಮೂಲೆಯಲ್ಲಿ ಗಾಡಿ!

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ರಾಯರು ಹಣೆ ಹಣೆ ಬಡಿದುಕೊಂಡರು. ಮೊದಲು ಗಾಡಿಯ ಮೇಲೆ ಡ್ರಮ್ಮಿಟ್ಟು ಆಮೇಲೆ ನೀರು ತುಂಬಬೇಕೆಂಬುದು ಮಗುವಿಗೂ ಗೊತ್ತಾಗುವ ವಿಷಯ. ಇನ್ನೂರು ಲೀಟರು ಚೆಲ್ಲುವಂತಿಲ್ಲ, ನಾಡಿದ್ದಿನವರೆಗೆ ಹನಿ ನೀರಿಲ್ಲ. ಒಂದು ಕಡೆ ಸ್ವಲ್ಪ ಎತ್ತಿ ಗಾಡಿ ತೂರಿಸಿದರೆ ಹೇಗೆ ಎಂದು ಡ್ರಮ್ಮನ್ನು ತಬ್ಬಿಕೊಂಡು ಉಸಿರು ಕಟ್ಟಿ ಎಳೆದರು. ಡ್ರಮ್ಮು ಮಿಸುಕಲಿಲ್ಲ. ಸೊಂಟ ಮಾತ್ರ ಕಟಕ್ಕೆಂದಿತು. ರಾಯರು ಹಾಕಿದ ಕೂಗು ಎಂಟು ಮನೆಗೂ ಕೇಳಿಸಿತು.

ಮೊದಲು ಓಡಿ ಬಂದವನು ಎದುರು ಮನೆಯ ಬಡಗಿ, ಕಿವಿಯ ಮೇಲೆ ಪೆನ್ಸಿಲ್ ಸಮೇತ. ಹಿಂದೆಯೇ ಪಕ್ಕದ ಮನೆಯ ಟೈಲರ್, ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಕೊನೆಗೆ ಬಸ್ಸು ಓಡಿಸಿ ನಿವೃತ್ತರಾಗಿದ್ದ ಡ್ರೈವರ್ ಮಾವ. ಊರಿಗೆಲ್ಲ ಅವರು ಮಾವನೇ. ಬಂದವರು ರಾಯರನ್ನು ಎಬ್ಬಿಸುವುದಕ್ಕೆ ಮೊದಲು ಗಾಡಿಯನ್ನು ನೋಡಿದರು.

"ಅಲ್ಲ ರಾಯರೇ, ತುಂಬಿದ ಮೇಲೆ ಯಾರಾದ್ರೂ ಎತ್ತುತ್ತಾರಾ?" ಎಂದ ಬಡಗಿ.

"ಗೊತ್ತಾಯ್ತು ಮಾರಾಯ, ಮೊದಲು ನನ್ನನ್ನ ಎತ್ತು," ಎಂದು ರಾಯರು ನೆಲದಿಂದಲೇ ನರಳಿದರು.

ಡ್ರೈವರ್ ಮಾವ ಗಂಭೀರವಾಗಿ ತಲೆಯಾಡಿಸಿದರು. "ನೀರನ್ನ ಎಲ್ಲರ ಮನೆಗೂ ಒಂದೊಂದು ಬಿಂದಿಗೆ ಹಂಚಿಬಿಡೋಣ. ಡ್ರಮ್ಮು ಗಾಡಿ ಮೇಲೆ ಕೂತ ಮೇಲೆ ವಾಪಸ್ ತಂದು ಸುರಿದ್ರಾಯ್ತು. ಏನಂತೀರಿ?"

ಹಂಚಿದ ನೀರು ವಾಪಸ್ ಬಂದದ್ದನ್ನು ರಾಯರು ಈ ಜನ್ಮದಲ್ಲಿ ಕಂಡಿರಲಿಲ್ಲ. "ನೋಡೋಣ..." ಎಂದರು.

"ಹೂಂ ಅಂದ್ರಪ್ಪಾ, ಬಿಂದಿಗೆ ತನ್ನಿ!" ಎಂದು ಟೈಲರ್ ಕೂಗಿದ.

ಐದು ನಿಮಿಷದಲ್ಲಿ ಸಾಲು ನಿಂತಿತು. ಬಿಂದಿಗೆ, ಬಕೆಟ್ಟು, ಕುಕ್ಕರು, ಒಂದು ಮನೆಯಿಂದ ಹೂವಿನ ಕುಂಡವೂ ಬಂತು. ಇನ್ನೂರು ಲೀಟರು ಇಷ್ಟು ಬೇಗ ಖಾಲಿಯಾಗುತ್ತದೆಂದು ರಾಯರು ಎಣಿಸಿರಲಿಲ್ಲ. ಎಲ್ಲರೂ ಹೋಗುವಾಗ "ಸಂಜೆ ತಂದುಕೊಡ್ತೀವಿ ರಾಯರೇ" ಎಂದೇ ಹೋದರು.

ಖಾಲಿ ಡ್ರಮ್ಮನ್ನು ನಡುಮನೆಗೆ ತಂದು ಗಾಡಿಯ ಮೇಲಿಟ್ಟರು. ಸೊಗಸಾಗಿ ಕೂತಿತು. ರಾಯರಿಗೆ ಸಮಾಧಾನವಾಯಿತು. ಇನ್ನು ಇವರೆಲ್ಲ ಹೊರಟರೆ ಕಾಫಿ ಕುಡಿಯಬಹುದು ಎಂದುಕೊಳ್ಳುವಷ್ಟರಲ್ಲಿ ಬಡಗಿ ಒಂದು ಕಣ್ಣು ಮುಚ್ಚಿ ಡ್ರಮ್ಮನ್ನೇ ದಿಟ್ಟಿಸಿದ.

"ತಳದಲ್ಲಿ ನಲ್ಲಿ ಇದೆ. ಇಷ್ಟು ತಗ್ಗಲ್ಲಿದ್ರೆ ಅದರ ಕೆಳಗೆ ಬಿಂದಿಗೆ ಹೇಗೆ ಇಡ್ತಾರೆ ನಿಮ್ಮನೆಯವರು? ಬಗ್ಗಿ ಬಗ್ಗೀನೇ ಅಲ್ವಾ ಅವರ ಸೊಂಟ ಹೋಗಿರೋದು? ನನ್ನ ಹತ್ರ ಹಳೇ ಬೆಂಚಿದೆ. ಕುಯ್ದು ಮಂಡಿಯೆತ್ತರಕ್ಕೆ ಒಂದು ಹಲಗೆ ಪೀಠ ಮಾಡಿ ಗಾಡಿ ಮೇಲೆ ಕೂರಿಸಿಬಿಡ್ಲಾ?"

ನಿಮ್ಮನೆಯವರ ಸೊಂಟ ಎಂದ ಮೇಲೆ ರಾಯರು ಏನೆನ್ನಬೇಕು? "ನೋಡೋಣ," ಎಂದರು. ಬಡಗಿ ಆಗಲೇ ಗರಗಸ ತರಲು ಓಡಿದ್ದ.

ಪೀಠವಾಗುವಷ್ಟರಲ್ಲಿ ಹನ್ನೊಂದೂವರೆ. ನೋಡೋಣವೆಂದು ಡ್ರಮ್ಮನ್ನು ಮೇಲಿಟ್ಟು ಬಡಗಿ ಅದರ ಬೆನ್ನು ತಟ್ಟಿದ. ಅಷ್ಟೇ ಸಾಕಾಯಿತು. ಆ ಮನೆಯ ನೆಲ ಬಾಗಿಲ ಕಡೆಗೆ ಇಳಿಜಾರು ಎಂದು ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ. ಗಾಡಿ ಹೊಸ್ತಿಲಿಲ್ಲದ ಬಾಗಿಲು ದಾಟಿ, ಓಣಿಗಿಳಿದು, ಗಡಗಡನೆ ಸದ್ದು ಮಾಡುತ್ತಾ ಎಂಟು ಮನೆಗಳ ಮುಂದೆ ಮೆರವಣಿಗೆ ಹೋಯಿತು. "ಹಿಡೀರಿ, ಹಿಡೀರಿ!" ಎಂದು ರಾಯರು ಸೊಂಟ ಹಿಡಿದುಕೊಂಡು ಹಿಂದೆ ಓಡಿದರು. ಕೊನೆಯ ಮನೆಯ ಅಕ್ಕ ಒಣಹಾಕಿದ್ದ ಸೀರೆಯೊಂದನ್ನು ಹೊದ್ದುಕೊಂಡು ಡ್ರಮ್ಮು ಚರಂಡಿಯ ಪಕ್ಕ ಮಗುಚಿತು.

"ಕಣ್ಣು ಕಾಣಲ್ವೇನ್ರೀ ನಿಮ್ಮ ಡ್ರಮ್ಮಿಗೆ?" ಎಂದು ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಈಗ ತಾನೇ ಒಗೆದಿದ್ದೆ! ನಿಮ್ಮ ಬಿಂದಿಗೆ ನೀರನ್ನ ಇನ್ನು ವಾಪಸ್ ಕೇಳ್ಬೇಡಿ, ಈ ಸೀರೆಗೇ ಬೇಕು."

ಡ್ರೈವರ್ ಮಾವನಿಗೆ ಮಾತ್ರ ಮುಖ ಅರಳಿತ್ತು. ಮೂವತ್ತು ವರ್ಷದ ವಿದ್ಯೆ ಕೊನೆಗೂ ಕೆಲಸಕ್ಕೆ ಬಂದಿತ್ತಲ್ಲ. "ಬ್ರೇಕ್ ಇಲ್ಲದ ಗಾಡೀನ ರಸ್ತೆಗೆ ಬಿಡೋದಾ? ಕೊಲೆ ಆಗಿಹೋಗುತ್ತೆ! ಹಿಂದಿನ ಚಕ್ರಗಳಿಗೆ ಬ್ರೇಕ್ ಹಾಕೋಣ. ತಳ್ಳೋಕೆ ನನ್ನ ಹಳೇ ಸೈಕಲ್ಲಿನ ಹ್ಯಾಂಡಲ್ ಕೂರಿಸೋಣ."

"ಮಾವ, ಒಂದು ಬೆರಳಲ್ಲಿ ತಳ್ಳೋ ಗಾಡಿಗೆ ಹ್ಯಾಂಡಲ್ಲಾ?" ರಾಯರ ಧ್ವನಿ ಅಳುವಂತಿತ್ತು.

"ಯಾಕೆ, ಬೇಡ್ವಾ?"

ಎಂಥ ಒಳ್ಳೆಯ ಅವಕಾಶ! ಬೇಡ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ರಾಯರು ಬಾಯಿ ತೆರೆದರು. ಮಾವನ ಕಣ್ಣಿನ ಹುರುಪು ನೋಡಿದರು. ನಾಲಿಗೆ ತನ್ನಷ್ಟಕ್ಕೆ ತಾನೇ "ನೋಡೋಣ" ಎಂದಿತು.

ಹ್ಯಾಂಡಲ್ ಬಂತು, ಬ್ರೇಕ್ ಬಂತು, ಮಾವನ ತೃಪ್ತಿಗೆ ಒಂದು ಬೆಲ್ಲೂ ಬಂತು. ಎರಡು ಗಂಟೆಯಾಗಿತ್ತು. ರಾಯರ ಹೊಟ್ಟೆಗೆ ಬೆಳಿಗ್ಗೆಯಿಂದ ಏನೂ ಬಿದ್ದಿರಲಿಲ್ಲ. ಅಡುಗೆಗೆ ನೀರೇ ಇಲ್ಲ, ಇನ್ನು ಬೇಯಿಸುವುದೇನು ಮಣ್ಣು! ಡ್ರಮ್ಮನ್ನು ಮತ್ತೆ ಏರಿಸಿ ಮಾವ ತಾವೇ ತಳ್ಳಿ, ಬೆಲ್ ಬಾರಿಸಿ, ಬ್ರೇಕ್ ಒತ್ತಿದರು. ಗಾಡಿ ಗಕ್ಕನೆ ನಿಂತಿತು. ಡ್ರಮ್ಮು ನಿಲ್ಲಲಿಲ್ಲ. ಪೀಠದಿಂದ ಜಾರಿ ರಾಯರ ಕಾಲಿನ ಮೇಲೆ ಇಳಿಯಿತು.

"ಇದಕ್ಕೇ ನಾನು ಬೆಳಿಗ್ಗೆಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದು," ಎಂದ ಟೈಲರ್, ಅವನ ಪಾಳಿ ಬಂದಿತ್ತು. "ಒರಗೋಕೆ ಹಿಂದೆ ಒಂದು ಆಸರೆ ಬೇಕು, ಅಕ್ಕಪಕ್ಕ ಎರಡು ಕೈ ಬೇಕು. ಕೆಳಗೆ ಜಾರದ ಹಾಗೆ ಮೆತ್ತೆ ಬೇಕು. ಬಡಗಿ ಕಟ್ಟು ಹಾಕಲಿ, ಮೆತ್ತೆ ನಾನು ಹೊಲಿದು ಕೊಡ್ತೀನಿ. ಸೋಫಾದ ಬಟ್ಟೆ ಉಳಿದಿದೆ, ಹೂವಿನದು. ನಿಮ್ಮನೆಯವರು ಖುಷಿಪಡ್ತಾರೆ."

ರಾಯರು ಹೆಬ್ಬೆರಳನ್ನು ಒತ್ತಿಕೊಂಡು ಕೂತಿದ್ದರು. ಆ ಮಾತು ಆಡಲೇಬಾರದೆಂದು ಹಲ್ಲುಕಚ್ಚಿ ಹಿಡಿದರು. ಆದರೆ ಬಡಗಿಯೇ ಅವರ ಪರವಾಗಿ, "ನೋಡೋಣ ಅಂತಾರೆ ಬಿಡು, ನೀನು ಅಳತೆ ತಗೋ," ಎಂದುಬಿಟ್ಟ.

ಟೈಲರ್ ಕೊರಳಿನ ಟೇಪು ತೆಗೆದು ಡ್ರಮ್ಮಿಗೆ ಸುತ್ತಿದ. ಇಪ್ಪತ್ತು ವರ್ಷ ಅಂಗಿ ಹೊಲಿದ ಕೈ. ಹೋಗಿ ನಿಂತದ್ದು ನೇರವಾಗಿ ಕುತ್ತಿಗೆಯಲ್ಲಿ. ಮುಚ್ಚಳದ ಕೆಳಗೆ ಡ್ರಮ್ಮು ಕಿರಿದಾಗಿ ಕುತ್ತಿಗೆಯಂತೆಯೇ ಇತ್ತು, ಪಾಪ. ಅವನು ಅಳತೆ ಕೂಗಿದ, ಬಡಗಿ ಗೋಡೆಯ ಮೇಲೆ ಬರೆದುಕೊಂಡ. ರಾಯರ ಗೋಡೆಯ ಮೇಲೆ.

ಕುಯ್ಯುವುದು, ಬಡಿಯುವುದು, ಹೊಲಿಯುವುದು ಎಲ್ಲ ಮುಗಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮೂವರೂ ಸೇರಿ ಡ್ರಮ್ಮನ್ನು ಎತ್ತಿ ಕಟ್ಟಿನೊಳಗೆ ಇಳಿಸಲು ಹೋದರು. ಹೋಗಲಿಲ್ಲ. ತಿರುಗಿಸಿದರು. ಹೋಗಲಿಲ್ಲ. ಬಡಗಿ ಗುದ್ದಿದ, ಡ್ರೈವರ್ ಮಾವ ಮೊಣಕಾಲಿನಿಂದ ಒತ್ತಿದರು. ಡ್ರಮ್ಮಿನ ಹೊಟ್ಟೆ ಎರಡು ಕೈಗಳ ಮೇಲೆ ಕೂತು ಅಲ್ಲಾಡಿತು.

"ಎಲ್ಲಿಯ ಅಳತೆ ತಗೊಂಡ್ಯೋ?" ಬಡಗಿ ಟೈಲರನ ಕಡೆ ತಿರುಗಿದ.

"ಕುತ್ತಿಗೆದು. ಎಲ್ಲರಿಗೂ ಮೊದಲು ಅದನ್ನೇ ತಾನೇ ತಗೊಳ್ಳೋದು?"

"ಹೊಟ್ಟೆ ಯಾರು ಅಳೀತಾರೆ, ನಿಮ್ಮಪ್ಪ?"

"ನೀನು ಕೇಳಿದ್ಯಾ? ಹೊಟ್ಟೆ ಎಷ್ಟು ಅಂತ ನೀನು ಕೇಳಿದ್ಯಾ?"

ಇಷ್ಟು ಹೊತ್ತು ತಡೆದಿದ್ದ ರಾಯರ ತಾಳ್ಮೆಯ ಕಟ್ಟೆಯೊಡೆಯಿತು. "ಸಾಕು ಮಾಡ್ರಪ್ಪಾ!" ಎಂದು ಕಿರುಚಿದರು. "ಬೆಳಿಗ್ಗೆ ಸುಮ್ಮನೆ ಕೂತಿತ್ತು ಡ್ರಮ್ಮು! ಅಲ್ಲೇ ಬಿಟ್ಟಿದ್ರೆ ಆಗ್ತಿತ್ತು! ನೀರೂ ಹೋಯ್ತು, ಸೊಂಟಾನೂ ಹೋಯ್ತು, ಈಗ ಹೆಂಡತೀನೂ ಹೋಗ್ತಾಳೆ! ಕೀಳಿ ಅದನ್ನೆಲ್ಲ!"

ಡ್ರಮ್ಮನ್ನು ನೆಲಕ್ಕಿಳಿಸಿ ಬಡಗಿ ಮೊಳೆ ಕೀಳಲು ಸುತ್ತಿಗೆ ತಿರುಗಿಸಿದ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕಾರಿನ ಹಾರನ್ ಕೇಳಿಸಿತು.

ರಾಯರು ಸುತ್ತ ನೋಡಿದರು. ಡ್ರಮ್ಮು ನಡುಮನೆಯಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಗಾಡಿಯನ್ನಾದರೂ ಕಣ್ಣಿಗೆ ಬೀಳದಂತೆ ಎಲ್ಲಾದರೂ ಬಚ್ಚಿಡೋಣವೆಂದು ಹ್ಯಾಂಡಲ್ ಹಿಡಿದು ಹೊರಗೆ ತಳ್ಳಿದರು. ಇಳಿಜಾರು ಮತ್ತೆ ತನ್ನ ಕೆಲಸ ಮಾಡಿತು. ಗಾಡಿ ರಾಯರನ್ನೇ ಎಳೆದುಕೊಂಡು ಓಣಿಯುದ್ದಕ್ಕೂ ಓಡಿತು. ಗಾಬರಿಯಲ್ಲಿ ರಾಯರು ಬೆಲ್ ಬಾರಿಸಿದರು, ಆಮೇಲೆ ನೆನಪಾಗಿ ಬ್ರೇಕ್ ಒತ್ತಿದರು. ಗಾಡಿ ಕಾರಿನ ಬಾಗಿಲ ಮುಂದೆ, ಒಂದು ಗೇಣು ಅಂತರದಲ್ಲಿ ಗಕ್ಕನೆ ನಿಂತಿತು.

ಕಾರಿನೊಳಗೆ ಅತ್ತೆ. ಒಂದು ಕಾಲು ಹೊರಗಿಟ್ಟು, ಈ ಉದ್ದನೆಯ ಓಣಿಯನ್ನು ಹೇಗಪ್ಪಾ ದಾಟುವುದು ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೂತಿದ್ದರು. ಮುಂದೆ ಬಂದು ನಿಂತದ್ದನ್ನು ನೋಡಿದರು. ಮಂಡಿಯೆತ್ತರದ ಪೀಠ. ಹೂವಿನ ಬಟ್ಟೆಯ ಮೆತ್ತೆ. ಒರಗಲು ಆಸರೆ, ಊರಲು ಎರಡು ಕೈ. ಹಿಂದೆ ಹ್ಯಾಂಡಲ್ ಹಿಡಿದು ಏದುಸಿರು ಬಿಡುತ್ತಾ ನಿಂತ ಅಳಿಯ.

ಅತ್ತೆ ತಿರುಗಿ ಅದರಲ್ಲಿ ಕೂತರು. ಹೊಲಿಸಿಟ್ಟ ಅಂಗಿಯಂತೆ ಸರಿಹೊಂದಿತು.

"ನನಗೋಸ್ಕರ!" ಎಂದರು, ಮೆತ್ತೆ ಸವರುತ್ತಾ. "ಹೆತ್ತ ಮಕ್ಕಳಿಗೂ ಇದು ಹೊಳೀಲಿಲ್ವಲ್ಲಪ್ಪಾ. ನೋಡೇ, ಮೆತ್ತೆ ಬೇರೆ ಹಾಕ್ಸಿದಾರೆ!"

ಹೆಂಡತಿ ಗಾಡಿಯನ್ನು ಸುತ್ತು ಹಾಕಿ ನೋಡಿದಳು. ಗಂಡನ ಮುಖ ನೋಡಿದಳು. ಅವಳ ಹುಬ್ಬು ನಿಧಾನವಾಗಿ ಮೇಲೇರಿತು.

"ಪರವಾಗಿಲ್ವೇ!" ಎಂದಳು.

ಹದಿನಾಲ್ಕು ವರ್ಷ ಕಾದ ಮಾತು. ರಾಯರಿಗೆ ಕಣ್ಣು ತುಂಬಿ ಬಂತು. ಇದು ಡ್ರಮ್ಮಿನದು ಎಂದು ಹೇಳಲು ಯಾವ ಗಂಡಸಿಗೆ ತಾನೇ ಮನಸ್ಸು ಬಂದೀತು? ಅವರು ಹ್ಯಾಂಡಲ್ ಹಿಡಿದು, ಈಗ ಏರಾಗಿದ್ದ ಓಣಿಯಲ್ಲಿ ಅತ್ತೆಯನ್ನು ತಳ್ಳತೊಡಗಿದರು. ಸೊಂಟ ಹೆಜ್ಜೆಗೊಮ್ಮೆ ಕಟಕ್ಕೆನ್ನುತ್ತಿತ್ತು. ಅತ್ತೆ ಎರಡೂ ಕಡೆಯ ಮನೆಗಳವರಿಗೆ ಕೈ ಮುಗಿಯುತ್ತಾ ಬಂದರು.

"ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದಿದ್ದೆ ಅಳಿಯಂದಿರೇ," ಎಂದರು. "ಇಷ್ಟು ಅನುಕೂಲ ಇರೋವಾಗ ಈ ಮಂಡಿ ಪೂರ್ತಿ ವಾಸಿಯಾಗೋವರೆಗೂ ಇಲ್ಲೇ ಇದ್ದುಬಿಡ್ಲಾ? ದಿನಾ ಸಂಜೆ ಹೀಗೆ ಒಂದು ಸುತ್ತು ಹಾಕಿಸಿದ್ರೆ ಸಾಕು. ಏನಂತೀರಿ?"

ರಾಯರ ಬಾಯಿಗೆ ಬಂದದ್ದು ಒಂದೇ ಮಾತು. "ನೋಡೋಣ..."

"ಹೂಂ ಅಂದ್ರು, ಹೂಂ ಅಂದ್ರು!" ಎಂದು ಬಾಗಿಲಲ್ಲಿ ನಿಂತಿದ್ದ ಟೈಲರ್ ಅತ್ತೆಗೆ ಅರ್ಥ ಬಿಡಿಸಿ ಹೇಳಿದ.

ಅಷ್ಟರಲ್ಲಿ ಹೆಂಡತಿ ಒಳಗೆ ಹೋಗಿದ್ದಳು. ದಢಾರನೆ ಸದ್ದಾಯಿತು. ಖಾಲಿ ಡ್ರಮ್ಮಿಗೆ ಅವಳ ಕಾಲು ತಗುಲಿತ್ತು. ಅದರೊಳಗೆ ಬಗ್ಗಿ ನೋಡಿದಳು. ಹೊರಬಂದಾಗ ಹುಬ್ಬು ಮತ್ತೆ ಹಳೆಯ ಜಾಗಕ್ಕೇ ಇಳಿದಿತ್ತು.

"ರೀ, ಒಂದು ಹನಿ ನೀರಿಲ್ಲ! ಡ್ರಮ್ಮು ನಡುಮನೆಯಲ್ಲಿ ಕೂತಿದೆ, ಅದಕ್ಕೆ ಚಕ್ರಾನೂ ಇಲ್ಲ! ನಾಡಿದ್ದು ನೀರು ಬಂದ್ರೆ ಮತ್ತೆ ಅದೇ ಬಚ್ಚಲ ದಾರೀಲಿ ತುಂಬಿಸಿ ನಾನೇ ಎಳೆದಾಡ್ಬೇಕಾ? ಅಮ್ಮನಿಗೆ ಇಷ್ಟು ಚೆನ್ನಾಗಿ ಮಾಡ್ಸಿದೀರಲ್ಲ, ಡ್ರಮ್ಮಿಗೂ ಇಂಥದ್ದೇ ಒಂದು ಮಾಡ್ಸೋಕೆ ಏನಾಗಿತ್ತು? ನಾಳೇನೇ ಮಾಡಿಸ್ತೀರಾ ಇಲ್ವಾ?"

ರಾಯರು ಬಾಯಿ ತೆರೆದರು. ಬಾಗಿಲಲ್ಲಿ ಬಡಗಿ ಕಿವಿಯ ಮೇಲಿನ ಪೆನ್ಸಿಲ್ ಆಗಲೇ ತೆಗೆದಿದ್ದ. ಡ್ರೈವರ್ ಮಾವ ಅಂಗಿಯ ತೋಳು ಮಡಚುತ್ತಿದ್ದರು. ಟೈಲರ್ ಕೊರಳಿನ ಟೇಪು ಬಿಚ್ಚಿಕೊಂಡು, ಯಾರನ್ನೂ ಕೇಳದೆ, ಡ್ರಮ್ಮಿನ ಕುತ್ತಿಗೆಯ ಕಡೆ ಹೊರಟಿದ್ದ. ರಾಯರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಹ್ಯಾಂಡಲ್ ಬಿಟ್ಟದ್ದು ಅವರಿಗೆ ಹೊಳೆದದ್ದು, ಅತ್ತೆಯ ಗಾಡಿ ಕುಲುಕಾಟಕ್ಕೆ ತಾನೇ ಬೆಲ್ ಬಾರಿಸುತ್ತಾ ಓಣಿಯಲ್ಲಿ ಇಳಿಯತೊಡಗಿದ ಮೇಲೆ.