ಭಾವಚಿತ್ರ ಕುಗ್ಗಿಸುವ ಪುಕ್ಕಟೆ ತಂತ್ರಾಂಶದ ಆಯ್ಕೆ ಹಾಗೂ ರಾರಾವಿಯ ಪಾರಮ್ಮನವರ ಅರ್ಜಿ

ವಯಸ್ಕರ ಪರೀಕ್ಷಾ ಅರ್ಜಿಗಳ ಕಚೇರಿ
ಪಾರ್ವತಿನಗರ, ಬಳ್ಳಾರಿ

ಸಂಖ್ಯೆ: ವಪಅಕ/ಭಾವಚಿತ್ರ/ಕುಗ್ಗಿಸುವಿಕೆ/17/2025-26
ದಿನಾಂಕ: 19-01-2026

ಸುತ್ತೋಲೆ

ವಿಷಯ: ಅರ್ಜಿದಾರರ ಭಾವಚಿತ್ರಗಳನ್ನು ಸಣ್ಣದು ಮಾಡಲು ಸರಳವೂ ಪುಕ್ಕಟೆಯೂ ಆದ ತಂತ್ರಾಂಶವನ್ನು ಆಯ್ಕೆ ಮಾಡುವ ಬಗ್ಗೆ.

ಉಲ್ಲೇಖ: 1) ಇದೇ ವಿಷಯವಾಗಿ ಈ ಕಚೇರಿಯಿಂದ ಹೊರಟ ಹದಿನಾರು ಸುತ್ತೋಲೆಗಳು (ಪ್ರತಿಯೊಂದೂ ಅದರ ಹಿಂದಿನದನ್ನು ರದ್ದುಪಡಿಸಿದೆ).
2) ರಾರಾವಿ ಗ್ರಾಮದ ಶ್ರೀಮತಿ ಪಾರಮ್ಮನವರು ಕಚೇರಿಯ ಬೆಂಚಿನ ಮೇಲೆ ಕುಳಿತು ಬಾಯಿಮಾತಿನಲ್ಲಿ ಸಲ್ಲಿಸಿದ ಮನವಿ.

* * *

1. ಐವತ್ತು ದಾಟಿದವರು ಹತ್ತನೆಯ ತರಗತಿ ಪರೀಕ್ಷೆಗೆ ಕೂರಲು ಕಂಪ್ಯೂಟರಿನಲ್ಲಿ ಸಲ್ಲಿಸುವ ಅರ್ಜಿಗೆ ಭಾವಚಿತ್ರ ಲಗತ್ತಿಸಬೇಕಿದ್ದು, ಅದು ಐವತ್ತು ಕೆ.ಬಿ. ಮೀರಬಾರದೆಂದು ನಿಗದಿಪಡಿಸಲಾಗಿದೆ. ಈಗಿನ ಫೋನುಗಳು ಇದಕ್ಕೆ ಕಿಂಚಿತ್ತೂ ಬೆಲೆ ಕೊಡದೆ ಒಂದೊಂದು ಮುಖವನ್ನೂ ನಾಲ್ಕು ಸಾವಿರ ಕೆ.ಬಿ.ಗೆ ಕಡಿಮೆಯಿಲ್ಲದಂತೆ ತೆಗೆಯುತ್ತಿರುವುದನ್ನು ಕಚೇರಿಯು ಗಂಭೀರವಾಗಿ ಪರಿಗಣಿಸಿದೆ. ಪರಿಣಾಮವಾಗಿ ಸಿರುಗುಪ್ಪ ಮತ್ತು ಕುರುಗೋಡು ಕಡೆಯ ಇನ್ನೂರ ಹದಿನಾಲ್ಕು ಅರ್ಜಿಗಳು ಒಳಗೆ ಬರಲಾರದೆ ನಿಂತಿವೆ. ನಾಳೆ ಸಂಜೆ ಐದಕ್ಕೆ ಗಡುವು ಮುಗಿಯುತ್ತದೆ.

2. ಸದರಿ ಪಾರಮ್ಮನವರು ಐವತ್ತೆಂಟರ ಹೆಂಗಸು, ಭತ್ತ ನಾಟಿ ಮಾಡುವವರು. ಚನ್ನವೀರಮ್ಮ ಟೀಚರ್ ನಡೆಸುವ ರಾತ್ರಿ ಶಾಲೆಗೆ ಮೂರು ವರ್ಷ ಒಂದು ದಿನವೂ ತಪ್ಪಿಸದೆ ಹೋದವರು. ಹೋದ ವರ್ಷ ಇವರ ಅರ್ಜಿ ಚಿತ್ರ ದೊಡ್ಡದಾಯಿತೆಂಬ ಒಂದೇ ಕಾರಣಕ್ಕೆ ಬಿದ್ದುಹೋಗಿತ್ತು. ಎರಡು ಸಲ ಬಿದ್ದವರು ಹೊಸದಾಗಿ ಹೆಸರು ಬರೆಸಿ ಮತ್ತೆ ಮೂರು ವರ್ಷ ಕೂರತಕ್ಕದ್ದೆಂಬ ನಿಯಮವಿದೆ. ಇದನ್ನು ಕೇಳಿದೊಡನೆ ಪಾರಮ್ಮನವರು ಮನಸ್ಸಿನಲ್ಲೇ ವಯಸ್ಸನ್ನು ಕೂಡಿಸಿ ನೋಡಿದ್ದಾರೆ; ಅರವತ್ತೊಂದು ಎಂದು ಸರಿಯಾಗಿಯೇ ಬಂದಿದೆ.

3. ಸಿರುಗುಪ್ಪದ ಸಹಾಯ ಕೇಂದ್ರಕ್ಕೆ ಬೀಗ ಬಿದ್ದಿದ್ದರಿಂದ ಪಾರಮ್ಮನವರು ಕುರುಗೋಡಿನ ಕೇಂದ್ರಕ್ಕೆ ಹೋಗಿದ್ದಾರೆ. ಅಲ್ಲಿನ ಸಹಾಯಕ ಹೊನ್ನೂರಪ್ಪನವರು ಚಿತ್ರ ಕುಗ್ಗಿಸಲು ತಮ್ಮದೇ ಒಂದು ವಿಧಾನವನ್ನು ಅನುಸರಿಸಿದ್ದು, ಅವರ ಮಾತನ್ನು ಇದ್ದ ಹಾಗೆಯೇ ಕೊಡಲಾಗಿದೆ: “ದೂರ ನಿಂತ್ರ ಮನಷ್ಯಾ ಸಣ್ಣ ಕಾಣ್ತಾನ ಹೌದಿಲ್ಲೋ? ಫೋಟೋನೂ ಸಣ್ಣದಾಗತೈತಿ. ಹಿಂದಕ್ಕ ಸರಿ ಯಮ್ಮಾ, ಇನ್ನೊಂಚೂರು ಸರಿ.” ರಸ್ತೆ ದಾಟಿ ಮಿರ್ಚಿ ಬಂಡಿಯ ಪಕ್ಕ ನಿಂತ ಪಾರಮ್ಮನವರು, “ಇನ್ನಾ ಸರದ್ರ ಬಳ್ಳಾರಿ ಬರತೈತಪಾ!” ಎಂದು ಅಲ್ಲಿಂದಲೇ ಕೂಗಿದ್ದಾರೆ. ಬಂದ ಚಿತ್ರದಲ್ಲಿ ಮಿರ್ಚಿ ಬಂಡಿ, ಒಂದು ಬಸ್ಸು, ಎರಡು ಆಡು ಹಾಗೂ ಅಕ್ಕಿಕಾಳಿನಷ್ಟು ಪಾರಮ್ಮನವರು ಇದ್ದು, ಒಟ್ಟು ಗಾತ್ರ ಐದು ಸಾವಿರದ ಇನ್ನೂರು ಕೆ.ಬಿ. ಆಗಿರುತ್ತದೆ. ಆದ್ದರಿಂದ:

ಅ) ಯಾವ ಅರ್ಜಿದಾರರನ್ನೂ ರಸ್ತೆಯ ಆಚೆ ನಿಲ್ಲಿಸತಕ್ಕದ್ದಲ್ಲ.
ಆ) ಚಿತ್ರ ಹಗುರಾಗಲೆಂದು ಕಿವಿಯೋಲೆ ಬಿಚ್ಚಿಸುವುದು, ಉಸಿರು ಹಿಡಿಸುವುದು, ಬೆಳಗಿನ ತಿಂಡಿ ಬಿಡಿಸುವುದು ಇವನ್ನು ಈ ಮೂಲಕ ನಿಷೇಧಿಸಲಾಗಿದೆ.
ಇ) ಆಡುಗಳನ್ನು ಅರ್ಜಿದಾರರೆಂದು ಪರಿಗಣಿಸಲಾಗುವುದಿಲ್ಲ.

4. ಮೇಲಿನ ಪ್ರಸಂಗದ ಬಳಿಕ ತಂತ್ರಾಂಶವೊಂದನ್ನು ಆರಿಸಲು ಪ್ರಥಮ ದರ್ಜೆ ಸಹಾಯಕ ಮರಿಬಸಪ್ಪನವರಿಗೆ ವಹಿಸಲಾಯಿತು. ಯಾವ ವಸ್ತುವನ್ನಾದರೂ ಮೂರು ದರಪಟ್ಟಿ ತರಿಸಿ, ಅತಿ ಕಡಿಮೆ ದರದ್ದನ್ನೇ ಪಡೆಯಬೇಕೆಂಬುದು ಕಚೇರಿಯ ಪದ್ಧತಿ. ಪುಕ್ಕಟೆ ತಂತ್ರಾಂಶಗಳು ಮೂರೂ ಸೊನ್ನೆ ದರ ತೋರಿಸಿದ್ದರಿಂದ ಅತಿ ಕಡಿಮೆ ಯಾವುದೆಂದು ನಿರ್ಧರಿಸಲು ಸಾಧ್ಯವಾಗಲಿಲ್ಲ. ಸೊನ್ನೆಯಲ್ಲಿ ಇನ್ನಷ್ಟು ರಿಯಾಯಿತಿ ಕೋರಿ ಮೂರರ ತಯಾರಕರಿಗೂ ಪತ್ರ ಬರೆಯಲಾಯಿತು. ಉತ್ತರವನ್ನು ನಿರೀಕ್ಷಿಸುತ್ತ ಇಂದಿಗೆ ನಲವತ್ತು ದಿನಗಳಾಗಿವೆ.

5. ಈ ನಡುವೆ ಮೂರನ್ನೂ ಪ್ರಯೋಗಕ್ಕೆ ಒಳಪಡಿಸಲಾಯಿತು. ಮೊದಲನೆಯದು ಬಾಗಿಲು ತೆರೆಯುವ ಮುನ್ನವೇ ಮರಿಬಸಪ್ಪನವರ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಕೇಳಿತು. ಎರಡನೆಯದು ಚಿತ್ರವನ್ನೇನೋ ಸಣ್ಣದು ಮಾಡಿತು, ಆದರೆ ಹಣೆಯಿಂದ ಗದ್ದದವರೆಗೆ ತನ್ನ ಕಂಪನಿಯ ಹೆಸರನ್ನು ಅಡ್ಡಲಾಗಿ ಒತ್ತಿತು. ಮೂರನೆಯದರಲ್ಲಿ ಅಗಲ ಬಿಟ್ಟು ಉದ್ದವನ್ನು ಮಾತ್ರ ಕಡಿಮೆ ಮಾಡಿದ ಕಾರಣ ಮರಿಬಸಪ್ಪನವರ ಮುಖ ಜೋಳದ ರೊಟ್ಟಿಯಂತೆ ಹರಡಿತು, ಅವರ ಮನೆಯವರು ಚಿತ್ರ ನೋಡಿ “ಯಾರ್ರೀ ಇವ್ರು, ಆಫೀಸಿಗೆ ಹೊಸಬ್ರಾ?” ಎಂದು ಕೇಳಿದ್ದನ್ನು ತಾಂತ್ರಿಕ ವರದಿಯಲ್ಲಿ ಸೇರಿಸಲಾಗಿದೆ.

6. ಆಯ್ಕೆ ಮುಗಿಯುವ ತನಕ ಯಾವ ತಂತ್ರಾಂಶವನ್ನೂ ಸಿಬ್ಬಂದಿಯವರು ಮುಟ್ಟತಕ್ಕದ್ದಲ್ಲ ಎಂದು ಈ ಪ್ರಯೋಗದ ಬಳಿಕ ಹೊರಟ ಹದಿನಾರನೆಯ ಸುತ್ತೋಲೆಯಲ್ಲಿ ಸೂಚಿಸಲಾಗಿದ್ದು, ಅದು ಇಂದಿಗೂ ಜಾರಿಯಲ್ಲಿದೆ.

7. ಹೀಗಿರುವಾಗ ಪಾರಮ್ಮನವರು ಮೊನ್ನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಶಶಿರೇಖಾ ಎಂಬುವರ ಜೆರಾಕ್ಸ್ ಅಂಗಡಿಗೆ ಹೋಗಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ಪುಕ್ಕಟೆ ತಂತ್ರಾಂಶವೊಂದರಲ್ಲಿ ಗಿರಾಕಿಗಳ ಚಿತ್ರ ಕುಗ್ಗಿಸುವ ಅವರ ಕೈಯನ್ನೇ ನೋಡುತ್ತ ಕುಳಿತರು. ಸದರಿ ಶಶಿರೇಖಾ ಅವರ ಆಯ್ಕೆಯ ಮಾನದಂಡವನ್ನು ವಿಚಾರಿಸಲಾಗಿ ಬಂದ ಉತ್ತರ: “ಹೆಸ್ರು ಕೇಳಬಾರ್ದು, ಮಾರಿ ಮ್ಯಾಲೆ ಶಿಕ್ಕಾ ಹೊಡೀಬಾರ್ದು, ಮೂತಿ ಎಳೀಬಾರ್ದು. ನೆಟ್ ಇಲ್ದಿದ್ರೂ ನಡೀಬೇಕು. ಇಷ್ಟ್ ಸಾಕ್ರೀ, ಇದಕ್ಯಾಕ ಕಮಿಟಿ?” ಕಚೇರಿಯ ಮಾನದಂಡಗಳು ನಲವತ್ತೆರಡು ಇರುವುದರಿಂದ ಈ ನಾಲ್ಕನ್ನು ಅಪೂರ್ಣವೆಂದು ಭಾವಿಸಲಾಗಿದೆ.

ಎರಡು ಗಂಟೆಗೆ ಶಶಿರೇಖಾ ಊಟದ ಡಬ್ಬಿ ಬಿಚ್ಚುತ್ತ, “ಪಾರಕ್ಕ, ನಂದು ಕೈ ಎಂಜಲು. ನೀನ ಒತ್ತು ನೋಡೂಣು” ಎಂದಿದ್ದಾರೆ. ಪಾರಮ್ಮನವರು ಸೆರಗಿಗೆ ಕೈ ಒರೆಸಿಕೊಂಡು ಒತ್ತಿದರು. ಚಿತ್ರ ತೆರೆಯುವುದು, ಅಗಲ ಎಂಬ ಮನೆಯಲ್ಲಿ ಇನ್ನೂರು ಬರೆಯುವುದು, ಉಳಿಸುವುದು: ಇರುವುದೇ ಮೂರು ಕೆಲಸ. ಅಗಲ ಬರೆದರೆ ಉದ್ದ ತಾನೇ ಸರಿಹೋಗುತ್ತದೆ. ಚಿತ್ರ ಮೂವತ್ತೆಂಟು ಕೆ.ಬಿ.ಗೆ ಇಳಿದಿದೆ, ಮೂಗು ಮೂಗಿನ ಜಾಗದಲ್ಲೇ ಇದೆ. ಅರ್ಜಿಯನ್ನು ಕಂಪ್ಯೂಟರು ತೆಗೆದುಕೊಂಡಿದೆ.

8. ಅರ್ಜಿಯನ್ನು ಮರಿಬಸಪ್ಪನವರು ಕೂಡಲೇ ತಡೆಹಿಡಿದರು. ಕಚೇರಿಯು ಇನ್ನೂ ಆರಿಸದ ತಂತ್ರಾಂಶವನ್ನು ಅರ್ಜಿದಾರರು ಮೊದಲೇ ಆರಿಸಿರುವುದು ಆಕ್ಷೇಪಣೆಗೆ ಕಾರಣವಾಗಿರುತ್ತದೆ. ಇಂದು ಬೆಳಗ್ಗೆ ಮೊದಲ ಬಸ್ಸಿಗೆ ಬಂದ ಪಾರಮ್ಮನವರೊಂದಿಗೆ ನಡೆದ ವಿಚಾರಣೆಯ ಭಾಗ:

ಮರಿಬಸಪ್ಪ: “ಯಾರನ್ನ ಕೇಳಿ ಸಣ್ಣದ್ ಮಾಡಿದಿ ಯಮ್ಮಾ?”
ಪಾರಮ್ಮ: “ನನ್ನ ಮಾರಿ ಯಪ್ಪಾ, ನಾನ ಮಾಡೀನಿ.”
ಮರಿಬಸಪ್ಪ: “ಹಂಗ ಮಾಡಾಕ ಬರಂಗಿಲ್ಲ. ರೂಲ್ಸ್ ಐತಿ.”
ಪಾರಮ್ಮ: “ರೂಲ್ಸ್ ಯಾರಿಗೈತಿ?”
ಮರಿಬಸಪ್ಪ: “ಸಿಬ್ಬಂದಿಗೆ.”
ಪಾರಮ್ಮ: “ನಾನೇನು ನಿಮ್ಮ ಸಿಬ್ಬಂದಿ ಅದೀನೇನು?”

ಈ ಪ್ರಶ್ನೆಗೆ ಉತ್ತರ ಹುಡುಕಲು ಕಡತಗಳನ್ನು ತರಿಸಲಾಯಿತು. ಸಿಗಲಿಲ್ಲ. ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥ ಸುಶಮೀಂದ್ರ ಅವರು ಹೊರಗೆ ಬಂದು, ಉಳಿದ ಇನ್ನೂರ ಹದಿನಾಲ್ಕು ಅರ್ಜಿಗಳೂ ನಾಳೆ ಬಿದ್ದುಹೋದರೆ ಮೇಲಿನವರಿಗೆ ಏನು ಹೇಳುವುದೆಂದು ಮರಿಬಸಪ್ಪನವರನ್ನು ಕೇಳಿದರು. ಸಿಬ್ಬಂದಿ ತಂತ್ರಾಂಶ ಮುಟ್ಟುವಂತಿಲ್ಲ. ಮುಟ್ಟದೆ ಚಿತ್ರ ಕುಗ್ಗುವುದಿಲ್ಲ. ಪಾರಮ್ಮನವರು ಬೆಂಚಿನಿಂದಲೇ ಇದನ್ನು ಕೇಳಿಸಿಕೊಂಡರು. ತಮ್ಮೊಬ್ಬರದನ್ನು ಬಿಡಿಸಿಕೊಂಡು ಬಸ್ಸು ಹತ್ತಬಹುದಿತ್ತು. ಆದರೆ ಆ ಇನ್ನೂರ ಹದಿನಾಲ್ಕರಲ್ಲಿ ತಮ್ಮ ಜೊತೆ ಅಕ್ಷರ ತಿದ್ದಿದ ಮಾರೆಮ್ಮನ ಅರ್ಜಿಯೂ ಇತ್ತು.

“ಸಾಹೇಬ್ರ, ನಿಮಗ ಮೂರು ಪಟ್ಟಿ ಬೇಕು, ನನಗ ಬೇಕಾಗಿಲ್ಲ. ಕುರ್ಚಿ ಬಿಟ್ಟು ಏಳ್ರಿ, ನಾನ ಮಾಡಿ ಕೊಡ್ತೀನಿ. ಮೊದಲು ನನ್ನ ಹಾಲ್ ಟಿಕೆಟ್ ಕೈಯಾಗ ಇಡ್ರಿ. ಹ್ವಾದ ವರ್ಷಾನೂ ‘ಆಗತೈತಿ ಹೋಗು’ ಅಂದೀರಿ, ನಾ ಹೋದೆ.”

9. ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ:

ಅ) ಪಾರಮ್ಮನವರು ಸಿಬ್ಬಂದಿಯಲ್ಲವೆಂದು ಘೋಷಿಸಲಾಗಿದೆ. ಈ ಗೌರವವು ನಾಳೆ ಸಂಜೆ ಐದರವರೆಗೆ ಚಾಲ್ತಿಯಲ್ಲಿರುತ್ತದೆ.
ಆ) ಅವರ ಅರ್ಜಿಯ ಮೇಲಿನ ತಡೆಯನ್ನು ತೆರವುಗೊಳಿಸಲಾಗಿದೆ.
ಇ) ಉಳಿದ ಇನ್ನೂರ ಹದಿನಾಲ್ಕು ಚಿತ್ರಗಳನ್ನು ಅವರೇ ಕುಗ್ಗಿಸುವುದು; ಆಗ ಸಿಬ್ಬಂದಿಯವರು ಪರದೆಗೆ ಬೆನ್ನು ತಿರುಗಿಸಿ ಕೂರತಕ್ಕದ್ದು. ಕಲಿತುಬಿಟ್ಟರೆ ನಿಯಮ ಉಲ್ಲಂಘನೆಯಾಗುತ್ತದೆ.
ಈ) ಕೆಲಸ ಈಗಾಗಲೇ ಆರಂಭವಾಗಿದೆ; ಮರಿಬಸಪ್ಪನವರು ಕುತ್ತಿಗೆ ತಿರುಗಿಸಿ ಮೂರು ಸಲ ನೋಡಿದ್ದು ಕಂಡುಬಂದಿದ್ದು, ವಿವರಣೆ ಕೇಳಲಾಗಿದೆ. “ಕುತ್ತಿಗಿ ಹಿಡದಿತ್ತು ಸಾರ್” ಎಂಬ ಅವರ ಉತ್ತರ ಪರಿಶೀಲನೆಯಲ್ಲಿದೆ.
ಉ) ಪಾರಮ್ಮನವರಿಗೆ ಎರಡು ಚಹಾ, ಒಂದು ಒಗ್ಗರಣಿ ಮಂಡಕ್ಕಿ ಒದಗಿಸುವುದು. ಇದಕ್ಕೆ ದರಪಟ್ಟಿ ಬೇಕಿಲ್ಲ.

ಸಹಿ/-
(ಸುಶಮೀಂದ್ರ)
ಕಚೇರಿ ಮುಖ್ಯಸ್ಥರು

ಪ್ರತಿಗಳು:

1. ಹೊನ್ನೂರಪ್ಪ, ಸಹಾಯ ಕೇಂದ್ರ, ಕುರುಗೋಡು: ಮಾಹಿತಿಗಾಗಿ, ಮತ್ತು ರಸ್ತೆಯ ಈಚೆಗೇ ಇರುವಂತೆ.
2. ಸಹಾಯ ಕೇಂದ್ರ, ಸಿರುಗುಪ್ಪ: ಬೀಗದ ಕೆಳಗೆ ತೂರಿಸಲು.
3. ಶಶಿರೇಖಾ, ಕೌಲ್ ಬಜಾರ್: ನಾಲ್ಕು ಮಾನದಂಡಗಳನ್ನು ನಲವತ್ತೆರಡಕ್ಕೆ ಏರಿಸುವ ಕೋರಿಕೆಯೊಂದಿಗೆ.
4. ಮೂರೂ ತಂತ್ರಾಂಶಗಳ ತಯಾರಕರು: ಎರಡನೆಯ ನೆನಪೋಲೆ.
5. ಶ್ರೀಮತಿ ಪಾರಮ್ಮ, ರಾರಾವಿ: ಹಾಲ್ ಟಿಕೆಟ್ ಸಹಿತ. ಟಪಾಲಿಗೆ ಹಾಕಲು ಹೋದಾಗ “ಇಲ್ಲೇ ಕುಂತೀನಲ್ಲ, ಕೈಗ ಕೊಡ್ರಿ” ಎಂದಿದ್ದರಿಂದ ಕೈಗೇ ಕೊಡಲಾಗಿದೆ. ಸ್ವೀಕೃತಿಗಾಗಿ ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನು ಮುಂದಿಡಲಾಗಿ, ಅದನ್ನು ಪಕ್ಕಕ್ಕೆ ಸರಿಸಿ ಮರಿಬಸಪ್ಪನವರ ಜೇಬಿನ ಪೆನ್ನು ಇಸಿದುಕೊಂಡು, ತಮ್ಮ ಹೆಸರನ್ನು ಪೂರ್ತಿಯಾಗಿ, ಊರಿನ ಸಮೇತ ಬರೆದಿರುತ್ತಾರೆ. ಪೆನ್ನು ಇನ್ನೂ ವಾಪಸು ಬಂದಿಲ್ಲ.