ಕೆರೆಗೆ ಬಿಟ್ಟುಬಂದ ಮೀನು

ಮನೆಗೆ ಬೇಡವಾದದ್ದನ್ನು ಎಸೆಯಲು ನಮ್ಮ ಕಡೆಯವರಿಗೆ ಕೈ ಬರುವುದಿಲ್ಲ. ಗಾಜು ಒಡೆದ ದೇವರ ಪಟವನ್ನು ಅರಳಿಕಟ್ಟೆಯ ಮೇಲೆ ಇಟ್ಟು ಬರುತ್ತೇವೆ. ಹೆಚ್ಚಾದ ಬೆಕ್ಕಿನ ಮರಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಸಂತೆಯಲ್ಲಿ ಇಳಿಸುತ್ತೇವೆ. ಕೇಳಿದರೆ ಎಸೆದೆವು ಎನ್ನುವುದಿಲ್ಲ, ಬಿಟ್ಟುಬಂದೆವು ಎನ್ನುತ್ತೇವೆ. ಆ ವ್ಯತ್ಯಾಸ ನಮಗೆ ಗೊತ್ತು. ಬೆಕ್ಕಿನ ಮರಿಗೆ ಗೊತ್ತಿಲ್ಲ. ಆಂಧ್ರದ ಗಡಿಯ ಮಡಕಶಿರಾದ ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ವಿಜ್ಞಾನ ಹೇಳಿಕೊಟ್ಟ ನಾನೂ ಹೀಗೆ ಒಂದನ್ನು ಬಿಟ್ಟುಬಂದವನೇ.

ವಾಸ್ತು ನೋಡಲು ಬಂದಿದ್ದ ಪುಣ್ಯಾತ್ಮರೊಬ್ಬರು ಈಶಾನ್ಯ ಮೂಲೆಯಲ್ಲಿ ಮೀನಿನ ತೊಟ್ಟಿ ಇಟ್ಟರೆ ಮನೆಗೆ ನೆಮ್ಮದಿ ಎಂದರು. ನನ್ನ ಹೆಂಡತಿ ಲಲಿತ ಅದೇ ವಾರ ಗಾಜಿನ ತೊಟ್ಟಿ ತರಿಸಿದಳು. ಅದರಲ್ಲಿ ನಾಲ್ಕು ಬಂಗಾರದ ಮೀನು, ಜೊತೆಗೆ ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಬೆರಳುದ್ದದ ಒಂದು ಕಪ್ಪು ಮೀನು. "ಇದು ತೊಟ್ಟಿ ತೊಳೆಯೋ ಆಳು ಸಾರ್, ಪುಕ್ಸಟ್ಟೆ ಇಟ್ಕೊಳ್ಳಿ" ಎಂದಿದ್ದ ಅಂಗಡಿಯವನು. ವರ್ಷ ಕಳೆಯುವಷ್ಟರಲ್ಲಿ ಬಂಗಾರದ ಮೀನುಗಳು ಒಂದೊಂದಾಗಿ ಸತ್ತವು. ಆಳು ಮಾತ್ರ ಮೊಳದುದ್ದ ಬೆಳೆದು, ಮೈತುಂಬ ಕಲ್ಲಿನಂಥ ಚಿಪ್ಪು ತೊಟ್ಟು, ತೊಟ್ಟಿಯ ಯಜಮಾನನಾಗಿ ಕೂತ. ನಾನು ಊಟಕ್ಕೆ ಕೂತರೆ ನನ್ನನ್ನೇ ನೋಡಿ ಕಣ್ಣು ಹೊಡೆಯುತ್ತಿದ್ದ. ಅದು ಆ ಮೀನಿನ ಕಣ್ಣಿನ ರಚನೆ, ಹೆದರುವಂಥದ್ದೇನೂ ಇಲ್ಲ ಎಂದು ಲಲಿತಳಿಗೆ ವಿವರಿಸಿದೆ. ಆಮೇಲೆ ತಟ್ಟೆ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಕೂತು ಉಂಡೆ.

"ಸಾಕಿದ ಜೀವ ಕಣ್ರೀ, ಸಾಯಿಸೋದು ಬ್ಯಾಡ. ಕೆರೆಗೆ ಬಿಟ್ಟು ಬನ್ನಿ" ಎಂದಳು ಲಲಿತ. ಶುಕ್ರವಾರ ಬೆಳಿಗ್ಗೆ ಬಕೀಟಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಹಿಡಿ ಅಕ್ಕಿ ಹಾಕಿ, ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಕಳಿಸಿಕೊಟ್ಟಳು. ಗುಡಿಬಂಡೆ ಕಡೆಯ ಕೆರೆಯೊಂದಕ್ಕೆ ಅದನ್ನು ಬಿಟ್ಟು, ಕೈಮುಗಿದು, ಪುಣ್ಯ ಕಟ್ಟಿಕೊಂಡ ಖುಷಿಯಲ್ಲಿ ದಾರಿಯಲ್ಲಿ ಟೀ ಕುಡಿದೆ. ಅವತ್ತು ಮಧ್ಯಾಹ್ನ ಎಂಟನೇ ತರಗತಿಗೆ ನಾನು ಮಾಡಿದ ಪಾಠ ಆಹಾರ ಸರಪಳಿ. ಬಹಳ ಚೆನ್ನಾಗಿ ಮಾಡಿದೆ ಎಂದು ನೆನಪು.

ಕೆಲವು ವರ್ಷಗಳ ಮೇಲೆ ಆ ಕೆರೆಯಲ್ಲಿ ಮೀನು ಹಿಡಿಯುವ ನರಸಿಂಹಪ್ಪ ಶಾಲೆಗೇ ಬಂದ. ಭಾನುವಾರದ ಮೀನಿಗೆ ನಾನು ಅವನ ಖಾಯಂ ಗಿರಾಕಿ. ಅವನ ಹೆಗಲ ಮೇಲಿದ್ದ ಬಲೆಯಲ್ಲಿ ತೂತುಗಳೇ ಜಾಸ್ತಿ ಇದ್ದವು. "ಸಾರ್, ಕೆರೆಯಾಗೆ ಏನೋ ಸೇರ್ಕಂಡೈತೆ. ಮೂರ್ ಬಲೆ ಹೋದ್ವು, ಉಳಿದಿರಾದು ಇದೊಂದೇ. ಇದೂ ಹೋದ್ರೆ ನಾನು ಪಕ್ಕದೂರು ರೊಳ್ಳದೋರ ಜೊತೆ ಕೂಲಿಗೆ ಹೋಗಾದೇ. ನೀವು ಸೈನ್ಸು ಓದಿರೋರು, ಬಂದು ನೋಡಿ" ಎಂದ.

ಮರುದಿನ ಬೆಳಿಗ್ಗೆ ಅವನೊಂದಿಗೆ ಕೆರೆ ಏರಿಯ ಮೇಲೆ ನಿಂತಾಗ ನನಗೆ ಮೊದಲು ಕೇಳಿಸಿದ್ದು ಏನೂ ಇಲ್ಲದಿರುವುದು. ಕಪ್ಪೆ ಇಲ್ಲ, ಕೊಕ್ಕರೆ ಇಲ್ಲ, ನೀರಿಗೆ ಧುಮುಕುವ ಮಿಂಚುಳ್ಳಿ ಇಲ್ಲ. ನಿಂತ ನೀರಿನಲ್ಲಿ ಆಗಾಗ ಅಲ್ಲೊಂದು ಇಲ್ಲೊಂದು ಗುಳ್ಳೆ. ಏನೋ ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಕೆಳಗೆ ಹೋಗುತ್ತಿತ್ತು. ನೀರು ಇಳಿದ ಕಡೆ ಏರಿಯ ಮಣ್ಣಿನಲ್ಲಿ ತೋಳು ತೂರುವಷ್ಟು ದೊಡ್ಡ ಬಿಲಗಳು ಸಾಲಾಗಿ ಬಾಯಿ ತೆರೆದಿದ್ದವು. ನರಸಿಂಹಪ್ಪ ಬಲೆ ಎಳೆದ. ಗೆಂಡೆ ಮೀನಿಲ್ಲ, ಪಕ್ಕೆ ಮೀನಿಲ್ಲ, ಕೊರಮೀನಿನ ಸುಳಿವೇ ಇಲ್ಲ. ಬಲೆತುಂಬ ಕಪ್ಪು ಚಿಪ್ಪಿನ, ಒಂದೇ ಮುಖದ ಮೀನುಗಳು. ಹಿಂದಿನ ದಿನ ಹಿಡಿದು ಏರಿಯ ಮೇಲೆ ಸುರಿದಿದ್ದ ರಾಶಿ ಹಾಗೇ ಇತ್ತು; ಕಾಗೆಯೂ ಮೂಸಿರಲಿಲ್ಲ. ಹೊಸದಾಗಿ ಸುರಿದವು ನೀರಿಲ್ಲದೆಯೂ ಗರಗರ ಸದ್ದು ಮಾಡುತ್ತ ಬಿದ್ದಿದ್ದವು. ಬಗ್ಗಿ ನೋಡಿದೆ. ಒಂದು ನನಗೆ ಕಣ್ಣು ಹೊಡೆಯಿತು. ಪಕ್ಕದ್ದೂ ಹೊಡೆಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಮಾರ್ಕೆಟ್ನಾಗೆ ದಯ್ಯಂ ಚೇಪ ಅಂತಾರೆ ಸಾರ್. ದೆವ್ವದ ಮೀನು. ಗಂಗಮ್ಮಂಗೆ ಪೂಜೆ ಮಾಡಿಸ್ತೀವಿ. ಪೂಜೆ ದಿನ ನೀವೇ ನಾಕು ಮಾತಾಡ್ಬೇಕು."

ಆ ವಾರವಿಡೀ ನನಗೆ ಊಟ ಸೇರಲಿಲ್ಲ. ಒಂಟಿ ಮೀನು ಸಂಸಾರ ಹೂಡುವುದಾದರೂ ಹೇಗೆ ಎಂದು ವಿಜ್ಞಾನದ ಮೇಷ್ಟ್ರು ನನ್ನೊಳಗೆ ವಾದ ಹೂಡುತ್ತಿದ್ದ. ಹಾಗಾದರೆ ಅಷ್ಟು ಮೀನು ಎಲ್ಲಿಂದ ಬಂತು ಎಂದರೆ ಅವನೂ ಬಾಯಿ ಮುಚ್ಚುತ್ತಿದ್ದ. ಲಲಿತಳಂತೂ ಯಾರಾದರೂ ಗಂಗಮ್ಮನ ಹೆಸರೆತ್ತಿದರೆ ಸಾಕು, ಟಿ.ವಿ. ಜೋರು ಮಾಡುತ್ತಿದ್ದಳು. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಪೂಜೆಯ ಹಿಂದಿನ ದಿನ ಏರಿಗೆ ಹೋಗಿ, ಬಲೆ ಹೊಲಿಯುತ್ತ ಕೂತಿದ್ದ ನರಸಿಂಹಪ್ಪನ ಎದುರು ಎಲ್ಲ ಹೇಳಿಬಿಟ್ಟೆ. ಬೈದರೆ ಬೈಸಿಕೊಳ್ಳುವುದು, ಹೊಡೆದರೆ ಹೊಡೆಸಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ.

ಅವನು ತಲೆ ಎತ್ತಲೂ ಇಲ್ಲ. "ನೀವು ಏಳನೆಯೋರು ಸಾರ್" ಎಂದ.

ಏಳನೆಯವನು ಹೇಗಪ್ಪಾ ಎಂದೆ.

"ಎಲ್ಲಾರ ಮನೇಗೂ ಅದೇ ವಾಸ್ತು, ಅದೇ ಗಾಜಿನ ತೊಟ್ಟಿ. ಎಲ್ಲಾರೂ ಅರಿಶಿನ ಕುಂಕುಮ ಹಚ್ಚೇ ತಂದು ಬಿಟ್ಟವ್ರೆ. ಒಬ್ಬೊಬ್ರೇ ಬಂದು ಹಿಂಗೇ ನಿಂತ್ಕಂಡು ಹೇಳ್ತಾರೆ. ನಾವೇನ್ ಕಮ್ಮೀನಾ? ಸೊಳ್ಳೆ ಪರದೆಯಂಥ ಬಲೆ ಹಾಕಿ ಕೊರಮೀನಿನ ಮರಿಗಳನ್ನೂ ಬಿಡ್ದಂಗೆ ಬಾಚ್ಕಂಡ್ವಿ. ಕೊರಮೀನು ಇದ್ದಿದ್ರೆ ಇವುಗಳ ಮರೀನ ಅಲ್ಲೇ ನುಂಗಾಕ್ತಿತ್ತು. ನಾವು ಮನೆ ಖಾಲಿ ಮಾಡಿದ್ವಿ, ನೀವು ಒಕ್ಕಲು ತಂದ್ರಿ."

ತಪ್ಪಾಯಿತಪ್ಪಾ, ಕ್ಷಮಿಸು ಎಂದೆ. ಆಗ ಅವನು ದಾರ ಕಚ್ಚಿ ಹರಿದು ನನ್ನ ಮುಖ ನೋಡಿದ. "ಅವತ್ತು ಮೀನು ತಂದು ಕೆರೆಗೆ ಬಿಟ್ರಿ. ಇವತ್ತು ತಪ್ಪು ತಂದು ನನ್ ತಾವ ಬಿಟ್ಟು ಹೋಯ್ತಿದ್ದೀರ. ಏಳು ಜನದ್ದು ಆತು. ನಾನು ಎಲ್ಲಿಗೆ ಬಿಡ್ಲಿ ಸಾರ್?"

ಏರಿಯಿಂದ ಇಳಿದೆ. ಆಟೋ ಹತ್ತಿ ಮನೆಗೆ ಬಂದೆ. ಅವನು ಹೇಳಿದ್ದು ಸುಳ್ಳಲ್ಲ. ವಾರದಿಂದ ಸೇರದಿದ್ದ ಊಟ ಅವತ್ತು ಸೇರಿತು, ಎರಡು ಸಲ ಅನ್ನ ಹಾಕಿಸಿಕೊಂಡೆ. ಕೈ ತೊಳೆಯುವಾಗ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಮಾತ್ರ ಹೆದರಿಕೆಯಾಯಿತು, ಎಲ್ಲಿ ಅದೂ ಕಣ್ಣು ಹೊಡೆದೀತೋ ಎಂದು.