ಕರಿ ನೂಲಿನ ಬಾಟ್ಲಿ

ನಮ್ಮ ದೊಡ್ಡಪ್ಪನಿಗೆ ಬಾಟ್ಲಿಯ ಚಟವಿತ್ತು. ಹುಬ್ಬೇರಿಸಬೇಡಿ! ದಿನಾ ತಪ್ಪದೆ ಲಿಂಗಪೂಜೆ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ಶಹಾಪುರದ ಪೇಟೆಯಲ್ಲಿ ಸೀರೆಯ ಅಂಗಡಿ ಇಟ್ಟುಕೊಂಡು ಕೂತ ಮನುಷ್ಯನ ಬಗ್ಗೆ ಹಾಗೆಲ್ಲ ಯೋಚಿಸಿದರೆ ಪಾಪ ಬಂದೀತು. ಅವನ ಬಾಟ್ಲಿಯಲ್ಲಿ ಇರುತ್ತಿದ್ದದ್ದು ಖಾರ. ಮೆಣಸಿನಕಾಯಿ ಅರೆದು, ಹುಳಿ ಬೆರೆಸಿ, ಬಾಟ್ಲಿಗೆ ತುಂಬಿ, ಮೇಲೊಂದು ಚಿತ್ರದ ಚೀಟಿ ಅಂಟಿಸಿ ಸಾಹೇಬರ ಊಟದ ಮೇಜಿಗೆ ಮಾರುವ ಖಾರ. ಊರಿನ ಉಳಿದ ಗಂಡಸರು ಬಾಟ್ಲಿ ಎತ್ತಿದರೆ ಅವರ ಹೆಂಡಂದಿರು ಅಳುತ್ತಿದ್ದರು. ನಮ್ಮ ದೊಡ್ಡಪ್ಪ ಎತ್ತಿದರೆ ಅವನೇ ಅಳಬೇಕಿತ್ತು. ಆದರೆ ಅವನು ಅಳುತ್ತಿರಲಿಲ್ಲ. ಅದೇ ಅವನ ಹೆಚ್ಚುಗಾರಿಕೆ!

ಈ ಚಟ ಹತ್ತಿದ್ದು ಕ್ಯಾಂಪಿನ ಲಿಲಾವಿನಲ್ಲಿ. ಬೆಳಗಾವಿಯ ಕ್ಯಾಂಪಿನಿಂದ ಒಂದು ಪಲ್ಟಣ ಬೇರೆ ಊರಿಗೆ ಹೊರಟಿತೆಂದರೆ ಗೋರಾ ಸಾಹೇಬರು ತಮ್ಮ ಕುರ್ಚಿ, ಮೇಜು, ಪಲ್ಲಂಗಗಳನ್ನೆಲ್ಲ ಕೂಗಿ ಮಾರಿ ಹೋಗುತ್ತಿದ್ದರು. ಅಂಗಡಿಗೆ ಒಂದು ನಿಲುವುಗನ್ನಡಿ ತರುತ್ತೇನೆಂದು ಹೋದ ದೊಡ್ಡಪ್ಪ ಬಾಟ್ಲಿಗಳ ಪೆಟ್ಟಿಗೆ ಹೊರಿಸಿಕೊಂಡು ಬಂದ. ಕನ್ನಡಿ ಎಲ್ಲಿ ಎಂದು ದೊಡ್ಡವ್ವ ಕೇಳಿದಳು. ಕನ್ನಡಿ ಇಟ್ಟರೆ ಹೆಂಗಸರು ಸೀರೆ ನೋಡುವುದನ್ನು ಬಿಟ್ಟು ಮುಖ ನೋಡುತ್ತ ಕೂಡುತ್ತಾರೆ ಎಂದು ಅವನಿಗೆ ದಾರಿಯಲ್ಲಿ ಹೊಳೆಯಿತಂತೆ. ದೊಡ್ಡವ್ವ ಅವನ ಮುಖವನ್ನೇ ಒಂದಿಷ್ಟು ಹೊತ್ತು ನೋಡಿದಳು. ಕನ್ನಡಿ ಇಲ್ಲದಿದ್ದರೂ ಅವನಿಗೆ ತನ್ನ ಮುಖ ಹೇಗಿದೆ ಎಂಬುದು ಆಗ ತಿಳಿದಿರಬೇಕು.

ರುಚಿ ನೋಡುವ ಅವನ ಕ್ರಮ ನೀವು ನೋಡಬೇಕಿತ್ತು. ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದ. ಬಲ ಅಂಗೈಗೆ ನಾಲ್ಕು ಹನಿ ಸುರಿದು ತೀರ್ಥ ತೆಗೆದುಕೊಂಡಂತೆ ಭಕ್ತಿಯಿಂದ ಸವಿದು ಕಣ್ಣು ಮುಚ್ಚುತ್ತಿದ್ದ. ಆಗ ಮನೆಯಲ್ಲಿ ಯಾರೂ ಪಿಟ್ಟೆನ್ನಬಾರದು. ಕೆಮ್ಮು ಬಂದರೂ ಹಿತ್ತಲಿಗೆ ಹೋಗಿ ಕೆಮ್ಮಬೇಕು! ಕೊನೆಗೆ ತೀರ್ಪು ಬರುತ್ತಿತ್ತು, ಅದೂ ಮಗ್ಗದ ಭಾಷೆಯಲ್ಲಿ. “ಹಾಸು ಐತಿ, ಹೊಕ್ಕು ಇಲ್ಲ.” ಅಂದರೆ ನಾಲಿಗೆಗೆ ಮುಟ್ಟಿದಾಗ ಜೋರಾಗಿದೆ, ಗಂಟಲಿಗೆ ಇಳಿದ ಮೇಲೆ ಏನೂ ಉಳಿಯುವುದಿಲ್ಲ ಎಂದರ್ಥ. ಹಾಸೂ ಹೊಕ್ಕೂ ಎರಡೂ ಇರುವ ಬಾಟ್ಲಿ ಮಾತ್ರ ಅವನಿಗೆ ಸಿಕ್ಕಿರಲೇ ಇಲ್ಲ.

ತೀರ್ಪಾದ ಮೇಲೆ ಬಾಟ್ಲಿಯ ಕೊರಳಿಗೆ ನೂಲು ಕಟ್ಟುತ್ತಿದ್ದ. ಬಿಳಿ ನೂಲೆಂದರೆ ತೊಟ್ಟಿಲ ಖಾರ, ಕೂಸಿಗೂ ನೆಕ್ಕಿಸಬಹುದು. ಹಸಿರು ನೂಲು ಮೂಗಿನವರೆಗೆ ಏರುವ ಖಾರಕ್ಕೆ, ಕೆಂಪು ನೂಲು ಕಿವಿಯವರೆಗೆ ಏರುವುದಕ್ಕೆ. ಕರಿ ನೂಲು ನೆತ್ತಿಗೇರುವ ಖಾರಕ್ಕೆ. ಕರಿ ನೂಲು ಕಟ್ಟಿಸಿಕೊಂಡ ಬಾಟ್ಲಿ ಒಂದೇ ಇತ್ತು. ರೈಲಿನ ಗಾರ್ಡೊಬ್ಬ ಗೋವಾ ಕಡೆಯಿಂದ ತಂದುಕೊಟ್ಟದ್ದು. ಅದನ್ನು ಸವಿದಾಗಲೂ ದೊಡ್ಡಪ್ಪನ ಕಣ್ಣಲ್ಲಿ ಹನಿ ನೀರು ಬರಲಿಲ್ಲ. ಕಣ್ಣೀರು ಬಂದವನು ಪರೀಕ್ಷಕನಲ್ಲ, ಅವನು ಬರೀ ಗಿರಾಕಿ ಎಂಬುದು ಅವನ ಸಿದ್ಧಾಂತ.

ಅವನ ಕಣ್ಣು ಒಣಗಿದ ಕಣ್ಣು ಎಂದು ಪೇಟೆಯಲ್ಲೆಲ್ಲ ಹೆಸರಾಗಿತ್ತು. ನನ್ನ ಅಪ್ಪ ಅವ್ವ ಇಬ್ಬರೂ ಪ್ಲೇಗಿನಲ್ಲಿ ಹೋದಾಗ ನಾನು ತೊಡೆಯ ಮೇಲಿನ ಕೂಸು. ಒಡಹುಟ್ಟಿದ ತಮ್ಮನನ್ನು ಮಣ್ಣು ಮಾಡಿ ಬಂದ ದಿನವೂ ದೊಡ್ಡಪ್ಪ ಅಳಲಿಲ್ಲವೆಂದು ಮಂದಿ ಆಡಿಕೊಳ್ಳುತ್ತಿದ್ದರು. ಅಳುವ ಬದಲು ಅವನು ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ತಂದನಂತೆ. ಮಕ್ಕಳಿಲ್ಲದ ಆ ಮನೆಯಲ್ಲಿ ನಾನು ಬೆಳೆದೆ. ಅಂಗಡಿಯ ಸೀರೆಗಳೆಲ್ಲ ಮೊದಲು ನನ್ನ ಮೈಮೇಲೆ ಬಿದ್ದು ಆಮೇಲೆ ಗಿರಾಕಿಗೆ ಹೋಗುತ್ತಿದ್ದವು.

ಬಾಟ್ಲಿಗಳಿಗೆ ಅಡುಗೆಮನೆಯ ಪ್ರವೇಶ ನಿಂತದ್ದಕ್ಕೂ ಒಂದು ಕಥೆಯಿದೆ. ಒಂದು ಸಲ ಕಪ್ಪನೆಯ ರಸದ ವಿಲಾಯತಿ ಬಾಟ್ಲಿಯೊಂದು ಬಂತು. ದೊಡ್ಡಪ್ಪ ಅಂಗೈಗೆ ಸುರಿದು ಇನ್ನೇನು ಬಾಯಿಗೆ ಇಡಬೇಕು, ಸೀರೆ ಕೊಳ್ಳಲು ಮನೆಗೇ ಬಂದಿದ್ದ ಕ್ಯಾಂಪಿನ ಬಟ್ಲರನೊಬ್ಬ ಚೀಟಿ ಓದಿ, “ತಡೀರಿ ಸಾವಕಾರ, ಇದರಾಗ ಮೀನ ಐತಿ” ಎಂದ. ದೊಡ್ಡವ್ವ ಬಾಟ್ಲಿಯನ್ನು ಇಕ್ಕಳದಿಂದ ಹಿಡಿದು ಹೊರಗೆ ಸಾಗಿಸಿದಳು, ಗಂಡನನ್ನು ಬಚ್ಚಲಿಗೆ ಸಾಗಿಸಿದಳು. ತಲೆಯ ಮೇಲೆ ತಣ್ಣೀರು ಬೀಳುವಾಗಲೂ ಅವನು ನಾಲಿಗೆಗೆ ಮುಟ್ಟಿಲ್ಲ, ಮುಟ್ಟಿಲ್ಲ ಎಂದು ಕೂಗುತ್ತಿದ್ದ. ಮೂಗಿಗೆ ಮುಟ್ಟಿದೆಯಲ್ಲ ಎಂದು ಅವಳು ಇನ್ನೊಂದು ಕೊಡ ಸುರಿದಳು!

ಮಂದಿ ವಿಲಾಯತಿ ಬಟ್ಟೆಯನ್ನು ಗುಡ್ಡೆ ಹಾಕಿ ಸುಡುತ್ತಿದ್ದ ಕಾಲ ಅದು. ಖಾದಿ ಟೋಪಿಯ ತರುಣರು ಕೆಲವರು ಅಂಗಡಿಗೆ ಬಂದು, ಕೈಮಗ್ಗದ ಸೀರೆ ಮಾರುವ ನೀವೇ ವಿಲಾಯತಿ ಬಾಟ್ಲಿ ನೆಕ್ಕಿದರೆ ಹೇಗೆ ಎಂದು ತಗಾದೆ ತೆಗೆದರು. ದೊಡ್ಡಪ್ಪ ರುಮಾಲು ಸರಿಮಾಡಿಕೊಂಡು ಹೇಳಿದ: “ನೀವು ಹೊರಗ ಸುಡತೀರಿ, ನಾ ಒಳಗ ಸುಡಾಕತ್ತೀನಿ. ಯಾರದು ಕಷ್ಟ ಐತಿ, ನೀವ ಹೇಳ್ರಿ.” ತರುಣರು ಚಹಾ ಕುಡಿದು ಹೋದರು.

ಇಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ನನ್ನ ಲಗ್ನದ ಮಾತು ಶುರುವಾದಾಗ ಬಾಟ್ಲಿ ಅಲ್ಲಿಗೂ ಬಂತು! ಬಟ್ಟೆಯನ್ನು ನೀರಿಗೆ ಹಾಕಿದರೆ ಬಣ್ಣ ತಿಳಿಯುತ್ತದೆ, ಮನುಷ್ಯನನ್ನು ಖಾರಕ್ಕೆ ಹಾಕಿದರೆ ಗುಣ ತಿಳಿಯುತ್ತದೆ ಎಂದು ದೊಡ್ಡಪ್ಪ ಸಾರಿದ. ಹೆಣ್ಣು ನೋಡಲು ಬಂದ ವರನಿಗೆ ಮೊದಲು ಬೆಲ್ಲ ನೀರು, ಆಮೇಲೆ ಅಂಗೈಗೆ ನಾಲ್ಕು ಹನಿ. ಜಾತಕ ಕೂಡಿದರೂ ಖಾರ ಕೂಡಬೇಕು!

ಮೊದಲು ಬಂದವನು ಬೈಲಹೊಂಗಲದ ಹತ್ತಿ ವ್ಯಾಪಾರಿಯ ಮಗ. ಕೆಂಪು ನೂಲಿನದನ್ನು ಸವಿದ. ಕಣ್ಣೀರು ಮೀಸೆಯವರೆಗೆ ಇಳಿದರೂ, “ಏನೂ ಖಾರ ಇಲ್ಲರಿ, ಸಪ್ಪಗ ಐತಿ” ಎಂದ. ಅವರನ್ನು ಕಳಿಸಿಕೊಟ್ಟ ಮೇಲೆ ದೊಡ್ಡಪ್ಪ ಹೇಳಿದ: “ಕಣ್ಣಾಗ ನೀರು ಬಂದದ್ದು ತಪ್ಪಲ್ಲ. ಬಂದೇ ಇಲ್ಲ ಅಂತಾನಲ್ಲ, ಅಂವ ನಾಳೆ ನಮ್ಮ ಹುಡುಗಿಗೂ ಹಂಗ ಹೇಳ್ಯಾನು.” ಎರಡನೆಯವನು ಕಾಕತಿಯ ಜಮೀನ್ದಾರರ ಮಗ. ಖಾರ ತಾಗಿದ್ದೇ ತಡ, ಎದ್ದು ನಿಂತು, ಇಂಥ ಮನೆಗೆ ತನ್ನನ್ನು ಯಾಕೆ ಕರೆತಂದೆ ಎಂದು ಹೆತ್ತ ತಾಯಿಯನ್ನೇ ಎಲ್ಲರೆದುರು ಬೈದ. ತನ್ನ ನಾಲಿಗೆ ಸುಟ್ಟರೆ ತಾಯಿಯನ್ನು ಬೈಯುವವನು ರೊಟ್ಟಿ ಸೀದರೆ ಹೆಂಡತಿಯನ್ನು ಬಿಟ್ಟಾನೆಯೇ ಎಂದು ದೊಡ್ಡಪ್ಪ ಅವನನ್ನೂ ತಿರುಗಿಸಿ ಕಳಿಸಿದ.

ಎರಡೂ ಸಲ ದೊಡ್ಡಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಪೇಟೆಯ ಬಾಯಿಗೆ ಕೈ ಅಡ್ಡ ಇಡಲಾದೀತೆ? ಆ ಮನೆಗೆ ಹೆಣ್ಣು ನೋಡಲು ಹೋಗುವಾಗ ಬೆಣ್ಣೆಯ ಗಡಿಗೆ ಜೊತೆಗಿರಲಿ ಎಂದು ಮಂದಿ ನಗತೊಡಗಿದರು. ನನ್ನ ವಾರಿಗೆಯವರೆಲ್ಲ ಆಗಲೇ ಕೂಸು ಎತ್ತಿಕೊಂಡು ತವರಿಗೆ ಬರುತ್ತಿದ್ದರು. ದೊಡ್ಡವ್ವ ಸಿಟ್ಟಿಗೆದ್ದು, ಈ ಪರೀಕ್ಷೆ ನಿಲ್ಲುವವರೆಗೂ ಮನೆಯಲ್ಲಿ ಖಾರವೇ ಇಲ್ಲ ಎಂದು ಉಪ್ಪು ಮಾತ್ರ ಹಾಕಿದ ಸಾರು ಬಡಿಸಿದಳು. ದೊಡ್ಡಪ್ಪ ಉಂಡು ಎದ್ದ. ಬೆಳಿಗ್ಗೆ ನೋಡಿದರೆ ಸಾರಿನ ಗಡಿಗೆಯ ಕೊರಳಿಗೆ ಬಿಳಿ ನೂಲು!

ಈಗ ನನ್ನ ಸಂಕಟ ಹೇಳಬೇಕು. ಆ ಬೇಸಿಗೆಯಲ್ಲಿ ಖಾನಾಪುರಕ್ಕೆ, ದೊಡ್ಡವ್ವನ ಅಕ್ಕನ ಮನೆಗೆ ಹೋಗಿದ್ದೆ. ನೀರು ಸೇದುವಾಗ ನನ್ನ ಕೊಡ ಬಾವಿಗೆ ಬಿತ್ತು. ಬಾಜು ಮನೆಯ ಸಾಲಿ ಮಾಸ್ತರರು ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಇಳಿಬಿಟ್ಟರು. ಮೊದಲು ತುಕ್ಕು ಹಿಡಿದ ಬಕೀಟು ಬಂತು, ಆಮೇಲೆ ಯಾವ ಕಾಲದ್ದೋ ತಂಬಿಗೆ ಬಂತು, ಕೊನೆಗೆ ನನ್ನ ಕೊಡ ಬಂತು. ಮೂರನ್ನೂ ಸಾಲಾಗಿ ಇಟ್ಟು, ತೀರ ಗಂಭೀರವಾಗಿ, “ಇದರಾಗ ನಿಮ್ಮದು ಯಾವುದ್ರಿ?” ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ನಗು ಬಂತು. ನನಗೆ ಆ ಮನುಷ್ಯ ಇಷ್ಟವಾದರು, ಬಹಳ ಇಷ್ಟವಾದರು. ಅವರ ತಾಯಿಗೆ ನಾನೂ ಇಷ್ಟವಾದೆ. ಹೆಣ್ಣು ನೋಡಲು ಬರುತ್ತೇವೆ ಎಂದರು. ಹಾಗೆನ್ನುವಾಗಲೇ ಆ ತಾಯಿ ನಗುತ್ತ ಇನ್ನೊಂದು ಮಾತು ಹೇಳಿದರು: ಮಗನಿಗೆ ಖಾರ ಆಗುವುದೇ ಇಲ್ಲವಂತೆ. ಸಾರಿನಲ್ಲಿ ಒಂದು ಮೆಣಸಿನಕಾಯಿ ತೇಲಿದರೂ ತಾಟು ಸರಿಸುತ್ತಾರಂತೆ!

ಇನ್ನು ನನ್ನ ಗತಿ ಏನು? ಪರೀಕ್ಷೆ ಬೇಡವೆಂದು ದೊಡ್ಡವ್ವನ ಮೂಲಕ ಹೇಳಿಸಿದೆ. ಕಾಕತಿಯವರಿಗೆ ಒಂದು ನ್ಯಾಯ, ಖಾನಾಪುರದವರಿಗೆ ಇನ್ನೊಂದು ನ್ಯಾಯವೇ ಎಂದು ದೊಡ್ಡಪ್ಪ ಕೇಳಿದ. ಅವರು ಬರುವ ದಿನ ನನಗೆ ಒಂದು ತುತ್ತೂ ಇಳಿಯಲಿಲ್ಲ. ಬೆಲ್ಲ ನೀರಿನ ತಾಟಿನಲ್ಲಿ ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬೆಲ್ಲದ ಹೆಂಟೆಯನ್ನು ಇಟ್ಟು ತಂದೆ. ನನ್ನ ಕೈಲಿ ಆಗುವುದು ಅಷ್ಟೇ ಇತ್ತು. ದೊಡ್ಡಪ್ಪ ಕಪಾಟು ತೆರೆದ. ತಂದದ್ದು ಕೆಂಪು ನೂಲಿನದಲ್ಲ, ಕರಿ ನೂಲಿನದು!

ಮಾಸ್ತರರು ಬಾಟ್ಲಿಯನ್ನು ನೋಡಿ, ಇದು ಖಾರವೇ ಎಂದು ಕೇಳಿದರು. ಹೌದು ಎಂದ ದೊಡ್ಡಪ್ಪ.

“ಹಂಗಾರ ಮೊದಲ ಹೇಳಿಬಿಡತೀನ್ರಿ. ನನಗ ಖಾರ ಆಗೂದಿಲ್ಲ,” ಎಂದರು ಮಾಸ್ತರರು.

ಬಾಗಿಲ ಹಿಂದೆ ನಿಂತಿದ್ದ ನಾನು ದೊಡ್ಡವ್ವನ ಕೈ ಹಿಡಿದುಕೊಂಡೆ. ಆಗದಿದ್ದರೆ ಬಿಡಿ ಎಂದು ದೊಡ್ಡಪ್ಪ ಬಾಟ್ಲಿ ಹಿಂದೆ ಸರಿಸಿದ. ಮುಗಿಯಿತು ಎಂದುಕೊಂಡೆ. ಆದರೆ ಮಾಸ್ತರರು ಅಂಗೈ ಮುಂದೆ ಚಾಚಿದರು. ಹಿರಿಯರು ತೆಗೆದುಕೊಳ್ಳುವುದಾದರೆ ತಾವೂ ಜೊತೆಗೆ ತೆಗೆದುಕೊಳ್ಳುವುದಾಗಿ ಹೇಳಿದರು. ಇಬ್ಬರೂ ಒಟ್ಟಿಗೆ ಸವಿದರು.

ಆಮೇಲೆ ಆದದ್ದನ್ನು ಏನೆಂದು ಹೇಳಲಿ! ಮಾಸ್ತರರಿಗೆ ಕೆಮ್ಮು ಬಂತು, ಬಿಕ್ಕಳಿಕೆ ಬಂತು, ಟೋಪಿ ಜಾರಿ ಮಡಿಲಿಗೆ ಬಿತ್ತು, ಕಣ್ಣು ಮೂಗು ಎರಡರಲ್ಲೂ ನೀರು ಹರಿಯಿತು. ಅವರು ಏನನ್ನೂ ಮುಚ್ಚಿಡಲಿಲ್ಲ. ತಡಕಾಡಿ ಬೆಲ್ಲದ ಹೆಂಟೆ ಹಿಡಿದು, ನೆಲಕ್ಕೆ ಕುಟ್ಟಿ ಎರಡು ಮಾಡಿದರು. ಆದರೆ ಬೆಲ್ಲ ಅವರ ಬಾಯಿಗೆ ಹೋಗಲಿಲ್ಲ. ದೊಡ್ಡ ತುಂಡನ್ನು ದೊಡ್ಡಪ್ಪನ ಮುಂದೆ ಹಿಡಿದರು.

“ನೀವು ಮೊದಲ ತಗೋರಿ. ನನ್ನವಕ್ಕಿಂತ ನಿಮ್ಮ ಕಿವಿ ಕೆಂಪಗ ಆಗ್ಯಾವ.”

ನಾವೆಲ್ಲ ದೊಡ್ಡಪ್ಪನ ಕಿವಿ ನೋಡಿದೆವು. ದಾಸವಾಳದಂತೆ ಕೆಂಪಾಗಿದ್ದವು! ಇಷ್ಟು ವರ್ಷ ಅವನ ಮುಂದೆ ಕೂತು ನೀರು ಬಂತೇ ಎಂದು ಕಣ್ಣನ್ನೇ ನೋಡಿದ್ದೆವು. ಅವನಿಗೂ ಉರಿಯುತ್ತದೆ ಎಂದು ನನಗಾಗಲಿ, ದೊಡ್ಡವ್ವನಿಗಾಗಲಿ ಒಮ್ಮೆಯೂ ತೋಚಿರಲಿಲ್ಲ. ಅವನಿಗೆ ಯಾರೂ ಬೆಲ್ಲ ಕೊಟ್ಟಿರಲಿಲ್ಲ. ದೊಡ್ಡಪ್ಪ ಆ ತುಂಡನ್ನು ಕೈಯಲ್ಲಿ ತೆಗೆದುಕೊಂಡ. ಆಮೇಲೆ ಬಾಯಿಗೆ ಹಾಕಿಕೊಂಡ. ಅವನು ಬೆಲ್ಲ ಕಡಿಯುವ ಸದ್ದು ಬಾಗಿಲ ಹಿಂದಕ್ಕೂ ಕೇಳಿಸಿತು. ಕೊನೆಗೆ ನಮ್ಮ ಕಡೆಗೆ ತಿರುಗಿ ತೀರ್ಪು ಕೊಟ್ಟ.

“ಹಾಸೂ ಐತಿ, ಹೊಕ್ಕೂ ಐತಿ.”

ಬೆಳಿಗ್ಗೆಯಿಂದ ಏನೂ ತಿಂದಿರದ ನನಗೆ ಆಗ ಹಸಿವೆಂದರೆ ಹಸಿವು! ಒಳಗೆ ಹೋಗಿ ನಿಂತಲ್ಲೇ ಎರಡು ರೊಟ್ಟಿ ತಿಂದೆ.

ಲಗ್ನ ಶಹಾಪುರದಲ್ಲೇ ಆಯಿತು. ನನ್ನನ್ನು ಗಂಡನ ಮನೆಗೆ ಕಳಿಸಲು ಎಲ್ಲರೂ ಬೆಳಗಾವಿ ಸ್ಟೇಶನ್ನಿಗೆ ಬಂದರು. ದೊಡ್ಡವ್ವ ನನ್ನನ್ನು ತಬ್ಬಿ ಅತ್ತಳು. ಖಾನಾಪುರವೇನು ವಿಲಾಯತಿಯೇ, ಇಲ್ಲಿ ತಟ್ಟಿದ ರೊಟ್ಟಿ ಬಿಸಿ ಆರುವುದರೊಳಗೆ ಅಲ್ಲಿಗೆ ಮುಟ್ಟುತ್ತದೆ ಎಂದು ದೊಡ್ಡಪ್ಪ ಅವಳನ್ನು ಗದರಿಸಿದ. ಗಾಡಿ ಸೀಟಿ ಹಾಕಿದಾಗ, ದೇಸೂರಿನಲ್ಲಿ ತನಗೆ ನೂಲಿನ ಕೆಲಸವಿದೆ ಎಂದು ನಮ್ಮ ಡಬ್ಬಿಯನ್ನೇ ಹತ್ತಿ ಕೂತ! ದೇಸೂರಿನಲ್ಲಿ ಅವನಿಗೆ ನೂಲಿನ ಕೆಲಸವಿದ್ದದ್ದನ್ನು ನಾನಂತೂ ಕೇಳಿರಲಿಲ್ಲ. ದಾರಿಯುದ್ದಕ್ಕೂ ಅವನು ಹೊರಗಿನ ಹೊಲಗಳನ್ನು ನೋಡುತ್ತಿದ್ದ.

ದೇಸೂರಿನಲ್ಲಿ ಇಳಿದು ನಮ್ಮ ಕಿಟಕಿಯ ಹತ್ತಿರ ಬಂದು ನಿಂತ. ಕೋಟಿನ ಕಿಸೆಯಿಂದ ಒಂದು ಬಾಟ್ಲಿ ತೆಗೆದ. ಅದರ ಕೊರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಗೋವಾದಿಂದ ಬಂದ ಹೊಸ ಬಾಟ್ಲಿ, ಈಗಲೇ ರುಚಿ ನೋಡಿಬಿಡುತ್ತೇನೆ ಎಂದ. ನಾಲ್ಕು ಹನಿ ಸುರಿದುಕೊಂಡು ಸವಿದ. ನೋಡುತ್ತಿದ್ದಂತೆ ಅವನ ಕಣ್ಣು ತುಂಬಿ, ನೀರು ಧಾರೆಯಾಗಿ ಗಡ್ಡದವರೆಗೆ ಇಳಿಯಿತು.

“ಭಾಳ ಖಾರ ಐತಿ ಯವ್ವಾ,” ಎಂದ. “ಭಾಳ ಖಾರ ಐತಿ ಇದು.”

ನಮ್ಮವರು ನನ್ನ ಉಡಿಯಲ್ಲಿ ತುಂಬಿದ್ದ ಅಕ್ಕಿ, ಕೊಬ್ಬರಿಯ ನಡುವಿನಿಂದ ಬೆಲ್ಲ ತೆಗೆದು, ಎರಡು ತುಂಡು ಮಾಡಿ, ದೊಡ್ಡದನ್ನು ಕಿಟಕಿಯಿಂದ ಹೊರಗೆ ಚಾಚಿದರು. ದೊಡ್ಡಪ್ಪ ಬಾಟ್ಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಎರಡೂ ಕೈಯಲ್ಲಿ ಬೆಲ್ಲ ತೆಗೆದುಕೊಂಡ.

ಗಾಡಿ ಹೊರಟಿತು. ಅವನು ಬೆಲ್ಲ ಹಿಡಿದುಕೊಂಡೇ ನಿಂತಿದ್ದ. ಕಂಕುಳಲ್ಲಿದ್ದ ಬಾಟ್ಲಿಯ ಕೊರಳು ಆಗ ನನಗೆ ಕಾಣಿಸಿತು. ಅದಕ್ಕೆ ಬಿಳಿ ನೂಲು ಕಟ್ಟಿತ್ತು.